ಹೊಸ ಎಡಿಷನ್ ಬಂತು, ಹಳೇ ಫ್ಯಾನ್‌ಗಳಿಗೆ ಸಿಟ್ಟು ಬಂತು: ದೆವ್ವದ ಮನೆ ಆಟದ ಲೆಕ್ಕಾಚಾರ

ಇವತ್ತಿನ ಸಂಚಿಕೆಗೆ ಕಾರಣ ಬನಹಟ್ಟಿಯಿಂದ ಬಂದ ಒಂದು ವಾಯ್ಸ್ ಮೆಸೇಜ್. "ಅಣ್ಣಾ, ನಾವು ಐದು ಮಂದಿ ವಂತಿಗಿ ಹಾಕಿ ಒಂದು ಹಾರರ್ ಬೋರ್ಡ್ ಗೇಮ್ ತಗೋಬೇಕಂತ ಮಾಡೀವಿ. ಒಬ್ಬೊಬ್ಬರಿಗೆ ಸಾವಿರದ ಹತ್ರ ಬೀಳ್ತೈತಿ. ಯೂಟ್ಯೂಬ್‌ನ್ಯಾಗ ಒಬ್ಬಾಂವ ಹೊಸ ಎಡಿಷನ್ ಛಲೋ ಅಂತಾನ, ಇನ್ನೊಬ್ಬಾಂವ ಆಟಾನ ಹಾಳ ಮಾಡ್ಯಾರ ಅಂತಾನ. ಯಾರ ಮಾತು ಕೇಳೋಣು?"

ಸಾವಿರ ರೂಪಾಯಿ ಸಣ್ಣ ಮಾತಲ್ಲ. ಅದಕ್ಕೇ ಈ ಪ್ರಶ್ನೆಗೆ ಒಂದು ಇಡೀ ಸಂಚಿಕೆ.

ಅವರು ಕೇಳಿದ ಆಟದ ಹೆಸರು ಬಿಟ್ರೇಯಲ್ ಅಟ್ ಹೌಸ್ ಆನ್ ದ ಹಿಲ್. ಗುಡ್ಡದ ಮೇಲಿನ ಒಂದು ಪಾಳು ಬಂಗಲೆ, ಒಳಗೆ ಹೋದ ಮೂರರಿಂದ ಆರು ಮಂದಿ. ಅವಲಾನ್ ಹಿಲ್ ಎಂಬ ಬ್ರ್ಯಾಂಡಿನಡಿ 2004ರಲ್ಲಿ ಮೊದಲು ಬಂತು, ಮೂಲ ವಿನ್ಯಾಸ ಬ್ರೂಸ್ ಗ್ಲಾಸ್ಕೋ ಅವರದು. 2010ರಲ್ಲಿ ಎರಡನೇ ಎಡಿಷನ್, 2022ರಲ್ಲಿ ಮೂರನೇದು. ಈಗ ಜಗಳ ನಡೆದಿರೋದು ಈ ಎರಡನೇದಕ್ಕೂ ಮೂರನೇದಕ್ಕೂ.

ಆಡದೇ ಇದ್ದವರಿಗೆ ಸ್ವಲ್ಪ ಹೇಳ್ತೀನಿ. ಬೋರ್ಡ್ ಅಂತ ಒಂದು ಮೊದಲೇ ಇರಲ್ಲ. ಒಂದೊಂದು ಕೋಣೆಗೂ ಒಂದೊಂದು ರಟ್ಟಿನ ಚೌಕ. ಬಾಗಿಲು ತೆರೆದಾಗ ಒಂದು ಚೌಕ ತೆಗೆದು ಜೋಡಿಸಬೇಕು. ಹಾಗಾಗಿ ಮನೆ ಪ್ರತಿ ಸಲ ಬೇರೆ. ಕೆಲವು ಕೋಣೆಗಳಲ್ಲಿ ಅಪಶಕುನದ ಕಾರ್ಡ್ ಬರುತ್ತೆ. ಅಪಶಕುನ ಬಂದಾಗಲೆಲ್ಲ ದಾಳ ಹಾಕಬೇಕು. ದಾಳ ಕೈಕೊಟ್ಟರೆ ಕಾಟ ಶುರು. ಆವರೆಗೆ ಎಲ್ಲರೂ ಗೆಳೆಯರು, ಕಾಟ ಶುರುವಾದ ಕೂಡಲೇ ಹೆಚ್ಚಿನ ಸಲ ನಮ್ಮಲ್ಲೇ ಒಬ್ಬ ದ್ರೋಹಿ. ಅವನು ಒಂದು ಪುಸ್ತಕ ತಗೊಂಡು ಎದ್ದು ಬೇರೆ ಕೋಣೆಗೆ ಹೋಗಿ ತನ್ನ ಕಥೆ ಓದಿಕೊಂಡು ಬರಬೇಕು. ಉಳಿದವರು ಇನ್ನೊಂದು ಪುಸ್ತಕ ಓದಿ ತಾವು ಹೇಗೆ ಪಾರಾಗಬೇಕು ಅಂತ ಗುಸುಗುಸು ಮಾಡ್ತಾರೆ. ಅವನಿಗೆ ಇವರ ಗುಟ್ಟು ಗೊತ್ತಿಲ್ಲ, ಇವರಿಗೆ ಅವನದು ಗೊತ್ತಿಲ್ಲ. ಇಂಥ ಐವತ್ತು ಕಾಟದ ಕಥೆ ಡಬ್ಬಿಯಲ್ಲಿವೆ. ಅವನು ಓದಿ ಬಂದು ಬಾಗಿಲಲ್ಲಿ ನಿಂತು ನಗೋದಿದೆಯಲ್ಲ, ಆಟದ ನಿಜವಾದ ಭಯ ಅದೇ. ಕಾರ್ಡಿನ ಮೇಲಿನ ದೆವ್ವ ಯಾರಿಗೂ ಹೆದರಿಕೆ ಹುಟ್ಟಿಸಲ್ಲ.

ಇಷ್ಟು ಚೆಂದದ ಆಟಕ್ಕೆ ದೋಷಗಳೂ ಬೇಕಾದಷ್ಟಿದ್ದವು, ಅಭಿಮಾನಿಗಳು ಅವನ್ನೂ ಪ್ರೀತಿಸಿದರು. ಮೊದಲ ಎಡಿಷನ್‌ನಲ್ಲಿ ಭೂಗತ ಸರೋವರದ ಚೌಕವನ್ನು ತಪ್ಪಿ ಮೇಲಿನ ಮಹಡಿಗೆ ಸೇರುವಂತೆ ಮುದ್ರಿಸಿದ್ದರು. ಅಂದ್ರೆ ಮಾಳಿಗೆ ಮೇಲೆ ಕೆರೆ! ಎರಡನೇ ಎಡಿಷನ್‌ನಲ್ಲಿ ಅದನ್ನು ನೆಲಮಾಳಿಗೆಗೆ ಇಳಿಸಿದರು. ಆದರೆ ಆ ಮಾಳಿಗೆ ಮೇಲಿನ ಕೆರೆ ಹಳೇ ಆಟಗಾರರಿಗೆ ಇವತ್ತಿಗೂ ನಗುವಿನ ಮಾತು. ಎರಡನೇ ಎಡಿಷನ್‌ದು ಬೇರೆ ಗೋಳು: ಬಲ, ವೇಗ ಎಷ್ಟಿದೆ ಅಂತ ತೋರಿಸಲು ಕಾರ್ಡಿನ ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್. ಅದು ಒಂದೋ ಸರಿದುಹೋಗುತ್ತೆ, ಇಲ್ಲಾ ಬಿಗಿಯಾಗಿ ರಟ್ಟನ್ನೇ ಕೆರೆಯುತ್ತೆ. ಅದಕ್ಕಿಂತ ದೊಡ್ಡ ದೂರು ಕಾಟದ ಕಥೆಗಳ ನಿಯಮದ ಮೇಲೆ. ಹಲವು ಕಥೆಗಳಲ್ಲಿ ನಿಯಮ ಅರ್ಧಂಬರ್ಧ. ದ್ರೋಹಿ ಒಂದು ಅರ್ಥ ಮಾಡಿಕೊಂಡಿರ್ತಾನೆ, ಉಳಿದವರು ಇನ್ನೊಂದು. ಆಟ ಬಿಟ್ಟು ವಾದ ಶುರು.

ಮೂರನೇ ಎಡಿಷನ್ ಇವನ್ನೆಲ್ಲ ತಿದ್ದಲು ಹೊರಟಿತು. ಆ ಮನೆಯೊಳಗೆ ನೀವ್ಯಾಕೆ ಹೋದಿರಿ ಅಂತ ಹೇಳುವ ಒಂದು ಕಾರ್ಡ್ ಆಟದ ಶುರುವಿಗೇ ಬರುತ್ತೆ, ಮುಂದಿನ ಕಾಟಕ್ಕೂ ಅದಕ್ಕೂ ನಂಟಿರುತ್ತೆ. ನಿಯಮದ ಭಾಷೆ ಸ್ವಚ್ಛವಾಯಿತು. ಹೊಸದಾಗಿ ಆಡಲು ಕೂತವರು ಮೆಚ್ಚಿದರು. ಹಳಬರಲ್ಲಿ ಕೆಲವರಿಗೆ ಹೊಸ ಚಿತ್ರಶೈಲಿ ಹಿಡಿಸಲಿಲ್ಲ, ಕೆಲವರಿಗೆ ಹಳೇ ಹುಚ್ಚಾಟ ಕಡಿಮೆಯಾಯಿತು ಅನ್ನಿಸಿತು. ಹೆಚ್ಚು ಉರಿ ಹತ್ತಿದ್ದು 2016ರಲ್ಲಿ ಬಂದಿದ್ದ ವಿಡೋಸ್ ವಾಕ್ ಎಂಬ ಹೆಚ್ಚುವರಿ ಡಬ್ಬಿಯ ವಿಷಯಕ್ಕೆ. ಅದು ಎರಡನೇ ಎಡಿಷನ್‌ಗೆ ಅಂತ ಮಾಡಿದ್ದು: ಇನ್ನೂ ಐವತ್ತು ಕಾಟ, ಇಪ್ಪತ್ತು ಕೋಣೆ. ಮೂರನೇದಕ್ಕೆ ಅದು ಹೊಂದಲ್ಲ. ದುಡ್ಡು ಕೊಟ್ಟು ತಗೊಂಡವನಿಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ನನಗೆ ಆಸಕ್ತಿ ಇರೋದು ಮಾತ್ರ ಯಾರೂ ಹೆಚ್ಚು ಗದ್ದಲ ಮಾಡದ ಒಂದು ಬದಲಾವಣೆಯಲ್ಲಿ. ದಾಳದ ಲೆಕ್ಕ. ಬಿಕಾಂ ಓದಿದ ಚಟ, ಕ್ಯಾಲ್ಕ್ಯುಲೇಟರ್ ತಗೊಂಡು ಕೂತೆ.

ಈ ಆಟದ ದಾಳ ಮಾಮೂಲಿ ಅಲ್ಲ. ಆರು ಮುಖದಲ್ಲಿ ಎರಡರ ಮೇಲೆ ಸೊನ್ನೆ, ಎರಡರ ಮೇಲೆ ಒಂದು, ಎರಡರ ಮೇಲೆ ಎರಡು. ಎರಡನೇ ಎಡಿಷನ್‌ನಲ್ಲಿ ಅಪಶಕುನ ಬಂದಾಗಲೆಲ್ಲ ಆರು ದಾಳ ಹಾಕಬೇಕು; ಬಂದ ಮೊತ್ತ ಅಲ್ಲಿಯವರೆಗಿನ ಅಪಶಕುನಗಳ ಸಂಖ್ಯೆಗಿಂತ ಕಡಿಮೆಯಾದರೆ ಕಾಟ. ಮೂರನೇದರಲ್ಲಿ ಎಷ್ಟು ಅಪಶಕುನ ಬಂದಿವೆಯೋ ಅಷ್ಟೇ ದಾಳ. ಮೊತ್ತ ಐದು ಅಥವಾ ಹೆಚ್ಚಾದರೆ ಕಾಟ. ಕೇಳಲು ಎರಡೂ ಒಂದೇ ಅನ್ನಿಸುತ್ತೆ. ಅಲ್ಲ.

ಹೊಸ ನಿಯಮದಲ್ಲಿ ಎರಡು ದಾಳಕ್ಕೆ ಹೆಚ್ಚೆಂದರೆ ನಾಲ್ಕು ಬರುತ್ತೆ. ಹಾಗಾಗಿ ಮೊದಲ ಎರಡು ಅಪಶಕುನಕ್ಕೆ ಕಾಟ ಬರೋ ಸಾಧ್ಯತೆಯೇ ಇಲ್ಲ. "ಹಳೇ ಎಡಿಷನ್‌ನಲ್ಲಿ ಮನೆ ನೋಡೋಕ್ಕಿಂತ ಮುಂಚೆನೇ ಕಾಟ ಬರ್ತಿತ್ತು, ಈಗ ಸುಧಾರಿಸಿದೆ" ಅನ್ನೋರು ತೋರಿಸೋದು ಇದನ್ನೇ. ಆದರೆ ಲೆಕ್ಕ ಹಾಕಿ ನೋಡ್ರಿ: ಹಳೇ ನಿಯಮದಲ್ಲೂ ಮೊದಲ ಎರಡು ಅಪಶಕುನದೊಳಗೆ ಕಾಟ ಬರೋದು ನೂರು ಆಟದಲ್ಲಿ ಒಂದು ಸಲ ಮಾತ್ರ. ಮೂರನೇ ಅಪಶಕುನದ ಹೊತ್ತಿಗೆ ಹಳೇದರಲ್ಲಿ ನೂರಕ್ಕೆ ಸುಮಾರು 5, ಹೊಸದರಲ್ಲಿ 15. ನಾಲ್ಕನೇದರ ಹೊತ್ತಿಗೆ 15 ಮತ್ತು 47. ಐದನೇದರ ಹೊತ್ತಿಗೆ ಹಳೇದರಲ್ಲಿ 35 ಆಟದಲ್ಲಿ ಕಾಟ ಶುರುವಾಗಿರುತ್ತೆ, ಹೊಸದರಲ್ಲಿ 79ರಲ್ಲಿ. ಆರನೇದರ ಹೊತ್ತಿಗೆ 61 ಮತ್ತು 95.

ಅಂದ್ರೆ ಅಪಶಕುನ ಎಣಿಸಿದರೆ ಹೊಸ ಎಡಿಷನ್‌ನಲ್ಲಿ ಕಾಟ ಬೇಗ ಬರುತ್ತೆ, ತಡವಾಗಿ ಅಲ್ಲ. ಅದು ತೆಗೆದುಹಾಕಿದ್ದು ಎರಡು ತುದಿಗಳನ್ನು: ತೀರಾ ಮುಂಚೆ ಬರೋ ಅಪರೂಪದ ಕಾಟ, ಮತ್ತೆ ಏಳು ಎಂಟು ಅಪಶಕುನ ಆದರೂ ಬಾರದ ಕಾಟ. ಎರಡನೇದು ಹಳೇ ಆಟಗಾರರಿಗೆ ದೋಷ ಅಲ್ಲ, ಅದೇ ರುಚಿ. ಮನೆ ದೊಡ್ಡದಾಗ್ತಾ ಹೋಗುತ್ತೆ, ಎಲ್ಲರ ಕೈಯಲ್ಲೂ ಆಯುಧ, ಪ್ರತಿ ದಾಳಕ್ಕೂ ಉಸಿರು ಬಿಗಿಹಿಡಿಯೋದು, "ಈ ಸಲಾನೂ ಪಾರಾದ್ವಿ" ಅನ್ನೋದು. ಹೊಸದರಲ್ಲಿ ಆ ಕಾಯುವಿಕೆ ಗಿಡ್ಡ. "ಏನೋ ಕಳೆದುಹೋಗಿದೆ, ಏನು ಅಂತ ಹೇಳೋಕೆ ಬರ್ತಿಲ್ಲ" ಅನ್ನೋ ಹಳಬರ ಮಾತನ್ನು ನಾನು ತಳ್ಳಿಹಾಕಲ್ಲ. ಕಳೆದುಹೋಗಿದ್ದು ಇದೇ ಇರಬೇಕು ಅಂತ ನನ್ನ ಅಂದಾಜು.

ಬೇರೆ ಹಾರರ್ ಆಟಗಳಲ್ಲೂ ಇದೇ ಕಥೆ. ಆರ್ಕಮ್ ಹಾರರ್ 1987ರಲ್ಲಿ ಬಂದ ಆಟ, 2005ರಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಅದನ್ನು ಹೊಸದಾಗಿ ತಂದಿತು, ಮುಂದೆ ಅದಕ್ಕೆ ಎಂಟು ಹೆಚ್ಚುವರಿ ಡಬ್ಬಿ ಬಂದವು. 2018ರ ಮೂರನೇ ಎಡಿಷನ್‌ಗೆ ಆ ಎಂಟರಲ್ಲಿ ಒಂದೂ ಹೊಂದಲಿಲ್ಲ. ಎಂಟೂ ತಗೊಂಡವನನ್ನು ನೆನೆಸಿಕೊಳ್ರಿ. ಕಾಮರ್ಸ್ ಕ್ಲಾಸಿನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ: ಹೋದ ದುಡ್ಡು ಹೋಯಿತು, ಮುಂದಿನ ನಿರ್ಧಾರಕ್ಕೆ ಅದನ್ನು ತರಬೇಡ ಅಂತ. ಪರೀಕ್ಷೆಯಲ್ಲಿ ಬರೆಯೋಕೆ ಸುಲಭ. ಆದರೆ ಅಭಿಮಾನಿ ಹಾಕಿರೋದು ಬರೀ ದುಡ್ಡಲ್ಲ. ನಿಯಮ ಬಾಯಿಪಾಠ ಮಾಡಿರ್ತಾನೆ, ನಾಲ್ಕು ಜನಕ್ಕೆ ಕಲಿಸಿರ್ತಾನೆ, ಆ ಟೇಬಲ್ಲಿಗೆ ಅವನೇ ಗುರು. ಹೊಸ ಎಡಿಷನ್ ಬಂದ ದಿನ ಅವನೂ ಮೊದಲ ಬೆಂಚಿನಲ್ಲಿ ಕೂತ ಹುಡುಗ. ಯಾರಿಗೆ ಹಿತ ಆದೀತು?

ನಮ್ಮ ಓಣಿಯ ಚಕ್ಕಾ ಆಟಕ್ಕೆ ಈ ತ್ರಾಸು ಬಂದೇ ಇಲ್ಲ ನೋಡ್ರಿ. ಐದು ಐದು ಇಪ್ಪತ್ತೈದು ಮನೆ, ನಾಲ್ಕು ಕವಡಿ, ಕಟ್ಟೆ ಮೇಲೆ ಸುಣ್ಣದಕಲ್ಲಿನ ಗೆರೆ. ಎಲ್ಲ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಬೋರಲಾದರೆ ಎಂಟು. ಎದುರಾಳಿಯ ಕಾಯಿ ಒಂದಾದರೂ ಹೊಡೆಯದೆ ಒಳಮನೆಗೆ ಹೋಗೋ ಹಂಗಿಲ್ಲ ಅಂತ ಒಂದು ಮನೆಯಲ್ಲಿ, ಹೋಗಬಹುದು ಅಂತ ಪಕ್ಕದ ಮನೆಯಲ್ಲಿ. ಜಗಳ ಅಲ್ಲೂ ಇತ್ತು, ಚೆನ್ನಾಗೇ ಇತ್ತು. ಆದರೆ ಆ ಆಟಕ್ಕೆ ಕಂಪನಿ ಇಲ್ಲ, ಹಳೇದು ಬಂದ್ ಮಾಡಿದೆವು ಅಂತ ಯಾರೂ ಹೇಳಲಾರರು. ಅಜ್ಜಿ ಆಡಿದ್ದೇ ಕೊನೆಯ ಎಡಿಷನ್.

ಬನಹಟ್ಟಿ ಗೆಳೆಯರ ಪ್ರಶ್ನೆಗೆ ಬರ್ತೀನಿ. ಯೂಟ್ಯೂಬಿನ ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದರೆ ಅವರಿಬ್ಬರ ಕಪಾಟಿನಲ್ಲಿ ಹಳೇ ಡಬ್ಬಿ ಮೊದಲೇ ಇದೆ, ನಿಮ್ಮ ಹತ್ರ ಇಲ್ಲ. ಅವರ ನಷ್ಟ ನಿಮ್ಮ ನಷ್ಟ ಅಲ್ಲ. ನಿಮಗೆ ಬೇರೆ ಒಂದು ತೊಂದರೆ ಇದೆ, ಅದನ್ನು ಆ ವಿಡಿಯೋಗಳಲ್ಲಿ ಯಾರೂ ಹೇಳಲ್ಲ: ಇಂಗ್ಲಿಷ್.

ದ್ರೋಹಿ ಒಬ್ಬನೇ ಎದ್ದು ಹೋಗಿ ಓದಬೇಕು ಅಂದೆನಲ್ಲ. ಪುಸ್ತಕ ಇಂಗ್ಲಿಷಿನಲ್ಲಿದೆ. ನಮ್ಮ ಗುಂಪುಗಳಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನೊಬ್ಬ ಇರ್ತಾನೆ, ಕನ್ನಡ ಶಾಲೆಯಲ್ಲಿ ಓದಿ ಈಗ ಮಗ್ಗದ ಪಾಳಿಗೆ ಹೋಗೋನೊಬ್ಬ, ಡಿಪ್ಲೊಮಾ ಮಾಡಿದವನೊಬ್ಬ. ಮಾಮೂಲಿ ನಿಯಮ ಒಬ್ಬ ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳಿಬಿಡಬಹುದು. ದ್ರೋಹಿಯ ಪುಟವನ್ನು ಹೇಳೋ ಹಾಗಿಲ್ಲ, ಹೇಳಿದರೆ ಗುಟ್ಟು ರಟ್ಟು. ದ್ರೋಹಿ ಯಾರು ಅನ್ನೋದನ್ನ ಆಟ ತೀರ್ಮಾನಿಸುತ್ತೆ, ನಾವಲ್ಲ. ಓದಲು ತಡವರಿಸುವ ಗೆಳೆಯನ ಪಾಲಿಗೆ ಅದು ಬಂದರೆ ಅವನು ಒಬ್ಬನೇ ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರ್ತಾನೆ, ಹೊರಗೆ ನಾಲ್ಕು ಜನ "ಆತೇನೋ?" ಅಂತ ಕೂಗ್ತಿರ್ತಾರೆ. ಮುಂದಿನ ವಾರ ಅವನು ಆಟಕ್ಕೆ ಬರಲ್ಲ, ಕೇಳಿದರೆ ಪಾಳಿ ಇತ್ತು ಅಂತಾನೆ.

ಅದಕ್ಕೇ ನನ್ನ ಓಟು ಮೂರನೇ ಎಡಿಷನ್‌ಗೆ. ಚಿತ್ರ, ಕ್ಲಿಪ್ ಯಾವುದರ ಕಾರಣಕ್ಕೂ ಅಲ್ಲ. ಅರ್ಧಂಬರ್ಧ ನಿಯಮವನ್ನು ಪರಭಾಷೆಯಲ್ಲಿ ಒಬ್ಬನೇ ಬಿಡಿಸೋದು ಬಹಳ ಕಷ್ಟ. ಸ್ವಚ್ಛ ನಿಯಮ ಆದರೆ ಫೋನ್ ಕ್ಯಾಮೆರಾ ಹಿಡಿದು ಕನ್ನಡಕ್ಕೆ ತಿರುಗಿಸಿದರೂ ತಕ್ಕಮಟ್ಟಿಗೆ ತಿಳಿಯುತ್ತೆ. ದ್ರೋಹಿಗೆ ಫೋನ್ ಒಯ್ಯಲು ಬಿಡ್ರಿ, ಹದಿನೈದು ನಿಮಿಷ ಕೊಡ್ರಿ, ಅಷ್ಟರಲ್ಲಿ ಚಹಾ ಮಾಡ್ರಿ.

ದ್ರೋಹಿ ಗೊಡವೆಯೇ ಬೇಡ ಅಂದರೆ ಇನ್ನೊಂದು ದಾರಿ ಇದೆ: ಮ್ಯಾನ್ಷನ್ಸ್ ಆಫ್ ಮ್ಯಾಡ್ನೆಸ್. 2011ರ ಮೊದಲ ಎಡಿಷನ್‌ನಲ್ಲಿ ಒಬ್ಬ ಆಟಗಾರ ಉಳಿದವರ ವಿರುದ್ಧ ಕೂತು ಮನೆಯ ದುಷ್ಟಶಕ್ತಿಗಳನ್ನೆಲ್ಲ ನಡೆಸಬೇಕಿತ್ತು. ಆಟಕ್ಕೆ ಮುಂಚೆ ಸುಳಿವಿನ ಕಾರ್ಡುಗಳನ್ನು ಜಾಗಜಾಗಕ್ಕೆ ಇಡೋದೂ ಅವನ ಕೆಲಸ, ಒಂದು ಕಾರ್ಡ್ ತಪ್ಪಿದರೆ ಕಥೆಯೇ ಕೆಡುತ್ತಿತ್ತು. 2016ರ ಎರಡನೇ ಎಡಿಷನ್ ಆ ಕುರ್ಚಿಯನ್ನೇ ತೆಗೆದು ಉಚಿತ ಆ್ಯಪ್ ಒಂದನ್ನು ಕೂರಿಸಿತು. ಈಗ ಎಲ್ಲರೂ ಒಂದೇ ಪಕ್ಷ. ಹಳೇ ಡಬ್ಬಿಯ ಗೊಂಬೆ, ಚೌಕಗಳನ್ನು ಬಳಸಲು ಬೇಕಾದ ಸಾಮಾನೂ ಹೊಸ ಡಬ್ಬಿಯಲ್ಲೇ ಇತ್ತು, ಹಳೇ ಗಿರಾಕಿಗೆ ಅಷ್ಟು ಮರ್ಯಾದೆ ಕೊಟ್ಟರು. ಆದರೂ ಸಿಟ್ಟು ಬಂತು. ಫೋನ್ ದೂರ ಇಡಲಿಕ್ಕೆ ಬೋರ್ಡ್ ಗೇಮ್ ಆಡ್ತೀವಿ, ಮತ್ತೆ ಫೋನೇ ಬೇಕಾ? ನಾಳೆ ಕಂಪನಿ ಆ್ಯಪ್ ನಿಲ್ಲಿಸಿದರೆ ಈ ಡಬ್ಬಿ ರದ್ದಿಯಾ? ಎರಡನೇ ಪ್ರಶ್ನೆ ನ್ಯಾಯವಾದದ್ದು, ಇವತ್ತಿಗೂ ಹಂಗೇ ಇದೆ. ಆ್ಯಪ್ ಇಲ್ಲದೆ ಆ ಆಟ ನಡೆಯಲ್ಲ.

ಆದರೆ ನಮ್ಮ ಕಡೆಯ ಟೇಬಲ್ಲಿಗೆ ಅದು ಒಂದು ಲಾಭ ಮಾಡಿಕೊಡುತ್ತೆ. ಪರದೆ ಮೇಲಿನ ಮಾತು ಎಲ್ಲರಿಗೂ ಸೇರಿದ್ದು, ಗುಟ್ಟಿಲ್ಲ. ಒಬ್ಬ ಓದಿ ಕನ್ನಡದಲ್ಲಿ ಹೇಳಿದರಾಯಿತು. ಕರೆಂಟ್ ಹೋದ ರಾತ್ರಿ ಫೋನಿನ ಬೆಳಕಿನಲ್ಲೇ ಯಾರೋ ಒಬ್ಬರು ನಮ್ಮ ಮಾತಿನಲ್ಲಿ "ಅಟ್ಟದ ಮ್ಯಾಲೆ ಏನೋ ಸಪ್ಪಳಾತು" ಅಂತ ಹೇಳೋದನ್ನ ಕೇಳ್ರಿ, ಇಂಗ್ಲಿಷ್ ದನಿಗಿಂತ ಜಾಸ್ತಿ ಮೈ ಜುಮ್ ಅನ್ನುತ್ತೆ. ಬೆಲೆ ಮಾತ್ರ ಬಿಟ್ರೇಯಲ್‌ಗಿಂತ ಸಾಕಷ್ಟು ಹೆಚ್ಚು, ಐದು ಪಾಲಿನ ವಂತಿಗೆಗೆ ಭಾರವೇ.

ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡನೇ ಎಡಿಷನ್ ಬಿಟ್ರೇಯಲ್ ಅಗ್ಗಕ್ಕೆ ಸಿಕ್ಕರೆ ಬೇಡ ಅನ್ನಲ್ಲ. ದುಡ್ಡು ಕೊಡೋ ಮೊದಲು ದಾಳ ಎಂಟಿವೆಯಾ ಎಣಿಸಿರಿ, ದ್ರೋಹಿಯ ಪುಸ್ತಕ ಮತ್ತು ಉಳಿದವರ ಪುಸ್ತಕ ಎರಡೂ ಇವೆಯಾ ನೋಡಿರಿ, ಕ್ಲಿಪ್ ಸಿಕ್ಕಿಸಿದ ಅಂಚು ಹರಿದಿದೆಯಾ ಮುಟ್ಟಿ ನೋಡಿರಿ. ವಿಡೋಸ್ ವಾಕ್ ಜೊತೆಗೇ ಕೊಡ್ತೀನಿ ಅಂದರೆ ಹಳೇದೇ ತಗೊಳ್ರಿ, ನೂರು ಕಾಟ ಆಗುತ್ತೆ. ಮತ್ತೆ ಹೊಸ ದಾಳದ ನಿಯಮ ಬೇಕನ್ನಿಸಿದರೆ ಹಳೇ ಡಬ್ಬಿಯಲ್ಲೇ ಆಡಿ ನೋಡಬಹುದು, ದಾಳ ಅವೇ.

ಯಾವುದು ತಗೊಂಡ್ರಿ, ಮೊದಲ ದ್ರೋಹಿ ಯಾರಾದ್ರು ಅಂತ ವಾಯ್ಸ್ ಮೆಸೇಜ್ ಹಾಕ್ರಿ. ಮುಧೋಳ, ಬೀಳಗಿಯವರು ನಿಮ್ಮ ಮನೆಯ ಚಕ್ಕಾ ನಿಯಮ ಕಳಿಸ್ರಿ. ಹೊಡೆಯದೆ ಒಳಮನೆಗೆ ಬಿಡ್ತೀರೋ ಇಲ್ಲೋ, ಮುಂದಿನ ಸಂಚಿಕೆಯಲ್ಲಿ ಅದರ ಪಂಚಾಯ್ತಿ.