ಟೆಸ್ಟರ್‌ನಲ್ಲಿ ಎಂಟೂ ಲೈಟ್ ಹತ್ತಿದವು, ಆದರೂ ನೆಟ್ ನಿಧಾನ ಯಾಕೆ?

ಮನೆಗೆ 200 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೀರಿ. ಹಾಲ್‌ನಲ್ಲಿರುವ ರೂಟರ್ ಪಕ್ಕ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 180, 190 ಬರುತ್ತದೆ. ಮೇಲಿನ ಕೋಣೆಗೆ ವೈರ್ ಎಳೆದು ಕೂರಿಸಿದ ಎರಡನೇ ರೂಟರ್ ಹತ್ತಿರ ಹೋದರೆ 94. ಬೆಳಿಗ್ಗೆ ನೋಡಿದರೂ ಅಷ್ಟೇ, ರಾತ್ರಿ ನೋಡಿದರೂ ಅಷ್ಟೇ. ವೈರ್ ಎಳೆದ ಹುಡುಗನನ್ನು ಕರೆದರೆ ಟೆಸ್ಟರ್ ಹಚ್ಚಿ ತೋರಿಸುತ್ತಾನೆ. ಒಂದರಿಂದ ಎಂಟರವರೆಗೆ ಲೈಟು ಸಾಲಾಗಿ ಹತ್ತುತ್ತವೆ. "ಕೇಬಲ್ ಬರೋಬರಿ ಅದ ರೀ, ಕಂಪನಿಯವರದ್ದೇ ಪ್ರಾಬ್ಲಮ್" ಎಂದು ಹೇಳಿ ಹೋಗುತ್ತಾನೆ.

ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಕೆಲವೇ ನೂರು ರೂಪಾಯಿಯ ಆ ಟೆಸ್ಟರ್ ನೋಡುವುದು ಒಂದೇ ವಿಷಯ: ಈ ತುದಿಯ ಒಂದನೇ ತಂತಿ ಆ ತುದಿಯ ಒಂದನೇ ಪಿನ್‌ಗೆ ಮುಟ್ಟಿದೆಯೇ, ಎರಡನೆಯದು ಎರಡಕ್ಕೆ ಮುಟ್ಟಿದೆಯೇ, ಹೀಗೆ ಎಂಟರವರೆಗೆ. ಆ ತಂತಿಯಲ್ಲಿ ವೇಗದ ಸಿಗ್ನಲ್ ಸರಿಯಾಗಿ ಹೋಗುತ್ತದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಹಳ್ಳಿಗಳಿಗೆ ಇಂಟರ್ನೆಟ್ ಮುಟ್ಟಿಸುವ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಅದರ ಗುರಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಒಯ್ಯುವುದು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಮೇಲಿನ ಮನ್ನಾಏಖೇಳ್ಳಿ ಇರಲಿ, ಹುಮನಾಬಾದ್, ಬಸವಕಲ್ಯಾಣ ಇರಲಿ, ಫೈಬರ್ ಮನೆ ಬಾಗಿಲಿಗೆ ಬಂದ ಮೇಲೆ ಉಳಿಯುವ ಹದಿನೈದಿಪ್ಪತ್ತು ಮೀಟರ್ ದಾರಿ ನಮ್ಮದೇ ಜವಾಬ್ದಾರಿ. ಬೀದರ್ ಸೀಮೆಯ ಹಳೆಯ ಮನೆಗಳ ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ವೈಫೈ ಸುಸ್ತಾಗುತ್ತದೆ. ಹಾಗಾಗಿ ಒಳಕೋಣೆಗೆ, ಮಾಳಿಗೆಗೆ ವೈರ್ ಎಳೆಯಲೇಬೇಕು. ತಿಂಗಳು ತಿಂಗಳು ಕಟ್ಟುವ ದುಡ್ಡಿನ ಅರ್ಧ ವೇಗ ಕಳೆದುಹೋಗುವುದೂ ಹೆಚ್ಚಾಗಿ ಈ ವೈರ್‌ನಲ್ಲೇ.

94 ಎಂಬ ಸಂಖ್ಯೆಯಲ್ಲೇ ಒಂದು ಸುಳಿವಿದೆ. ನೆಟ್‌ವರ್ಕ್ ಕೇಬಲ್ ಒಳಗೆ ಎಂಟು ತಂತಿ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು. ಒಂದು ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಯಾವುದೋ ಒಂದು ಜೋಡಿ ಸರಿಯಿಲ್ಲದಿದ್ದರೆ ಎರಡೂ ಕಡೆಯ ಯಂತ್ರಗಳು ಸಾಮಾನ್ಯವಾಗಿ ಸುಮ್ಮನೆ 100ಕ್ಕೆ ಇಳಿದುಬಿಡುತ್ತವೆ, ಯಾರಿಗೂ ದೂರು ಹೇಳುವುದಿಲ್ಲ. ಆ 100ರಲ್ಲಿ ಡೇಟಾದ ಮೇಲೆ ಸುತ್ತುವ ವಿಳಾಸ, ಲೆಕ್ಕಪತ್ರದ ಭಾರ ಕಳೆದರೆ ಸ್ಪೀಡ್ ಟೆಸ್ಟ್‌ನಲ್ಲಿ ಕಾಣುವುದು 94ರ ಆಸುಪಾಸು. ಕಂಪನಿಯ ಕಡೆಯಿಂದ ನೆಟ್ ನಿಧಾನವಾಗಿದ್ದರೆ ಸಂಖ್ಯೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಯಾವಾಗಲೂ 93, 94ರಲ್ಲೇ ನಿಂತಿದ್ದರೆ ಮೊದಲು ಕೇಬಲ್ ಅಥವಾ ಪೋರ್ಟ್ ಮೇಲೆ ಅನುಮಾನ ಪಡಿ. ಪೋರ್ಟ್ ಯಾಕೆಂದರೆ ಅಗ್ಗದ ಎಷ್ಟೋ ರೂಟರ್‌ಗಳ ಪೋರ್ಟ್ ಇರುವುದೇ 100ರದ್ದು. ಡಬ್ಬದ ಮೇಲೆ ನೋಡಿಕೊಳ್ಳಿ. ಹಾಗಿದ್ದರೆ ಎಂಥ ಕೇಬಲ್ ಹಾಕಿದರೂ ಉಪಯೋಗವಿಲ್ಲ.

"ಎರಡೂ ಕಡೆ ಒಂದೇ ಬಣ್ಣ ಇದ್ದರೆ ಸಾಕು" ನಿಜವೇ?

ಕೇಬಲ್ ಕಟ್ಟುವವರಲ್ಲಿ ಹೆಚ್ಚು ಓಡಾಡುವ ಮಾತು ಇದು. ಇದು ಅರ್ಧ ಸತ್ಯ, ಹಾಗಾಗಿಯೇ ಅಪಾಯ.

ತಂತಿಗಳನ್ನು ಜೋಡಿ ಜೋಡಿಯಾಗಿ ಹೆಣೆಯುವ ಉಪಾಯ ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರದ್ದು. 1881ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಒಂದು ಜೋಡಿಯಲ್ಲಿ ಒಂದೇ ಸಿಗ್ನಲ್ ಹೋಗುತ್ತದೆ. ಒಂದು ತಂತಿಯಲ್ಲಿ ಅದು ನೆಟ್ಟಗೆ, ಇನ್ನೊಂದರಲ್ಲಿ ಉಲ್ಟಾ. ಪಕ್ಕದಲ್ಲಿ ಕರೆಂಟ್ ವೈರ್, ಮೋಟರ್, ಮಿಕ್ಸಿ ಏನಿದ್ದರೂ ಅದರ ಗದ್ದಲ ಎರಡೂ ತಂತಿಗೆ ಸಮನಾಗಿ ಬಡಿಯುತ್ತದೆ. ಆ ಕಡೆಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗಿ ಸಿಗ್ನಲ್ ಉಳಿಯುತ್ತದೆ. ಈ ಲೆಕ್ಕ ಸರಿಹೋಗಬೇಕಾದರೆ ಸಿಗ್ನಲ್‌ನ ಎರಡೂ ಅರ್ಧ ಒಟ್ಟಿಗೆ ಹೆಣೆದ ತಂತಿಗಳಲ್ಲೇ ಹೋಗಬೇಕು.

ಹೊಲದಲ್ಲಿ ನಾಲ್ಕು ಜೋಡಿ ಎತ್ತು ಇವೆ ಎಂದುಕೊಳ್ಳಿ. ಒಂದು ಜೋಡಿಯ ಎಡಗಡೆಯದನ್ನು ಇನ್ನೊಂದು ಜೋಡಿಯ ಬಲಗಡೆಯದಕ್ಕೆ ಕಟ್ಟಿದರೂ ಎಣಿಸುವವನಿಗೆ ಎಂಟು ಎತ್ತು ಸರಿಯಾಗಿಯೇ ಸಿಗುತ್ತವೆ. ನೇಗಿಲು ಹೂಡಿದಾಗ ಗೊತ್ತಾಗುತ್ತದೆ. ಟೆಸ್ಟರ್ ಎಣಿಸುವವನು.

ಚಾಲ್ತಿಯಲ್ಲಿರುವ ಬಣ್ಣದ ಸಾಲಿಗೆ 568ಬಿ ಎನ್ನುತ್ತಾರೆ. ಪ್ಲಗ್‌ನ ಚಿನ್ನದ ಬಣ್ಣದ ಪಿನ್‌ಗಳು ನಿಮ್ಮ ಕಡೆಗೆ, ಕ್ಲಿಪ್ ಹಿಂದುಗಡೆ, ವೈರ್ ಕೆಳಗಿನಿಂದ ಬರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಬಿಟ್ಟುಕೊಂಡು 3 ಮತ್ತು 6ರಲ್ಲಿ ಕೂತಿರುವುದು ವಿಚಿತ್ರ ಅನಿಸುತ್ತದೆ. ಹಳೆಯ ಟೆಲಿಫೋನ್ ಲೈನ್ ನಡುವಿನ ಎರಡು ಪಿನ್‌ಗಳಲ್ಲಿ ಬರುತ್ತಿತ್ತು. ಅದಕ್ಕೆ ಹೊಂದಲಿ ಎಂದು ನೀಲಿ ಜೋಡಿಗೆ ಮಧ್ಯದ ಜಾಗ ಬಿಟ್ಟಿದ್ದಾರೆ.

ತಪ್ಪಾಗುವುದು ಇಲ್ಲೇ. ನೋಡಲು ಚೆಂದ ಎಂದು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಪಕ್ಕಪಕ್ಕ ಇಟ್ಟು, ಎರಡೂ ತುದಿಯಲ್ಲಿ ಹಾಗೆಯೇ ಕಟ್ಟಿದರೆ ಟೆಸ್ಟರ್‌ನಲ್ಲಿ ಎಂಟೂ ಲೈಟ್ ಹತ್ತುತ್ತವೆ. ಆದರೆ 3–6ರಲ್ಲಿ ಹೋಗುವ ಸಿಗ್ನಲ್‌ನ ಒಂದು ತಂತಿ ಹಸಿರು ಜೋಡಿಯದ್ದು, ಇನ್ನೊಂದು ನೀಲಿ ಜೋಡಿಯದ್ದು. ಹೆಣೆದದ್ದಕ್ಕೆ ಅರ್ಥವೇ ಇಲ್ಲದಂತಾಗಿ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಒಂದು ಮೀಟರ್ ತುಂಡಾದರೆ ನಡೆದೀತು. ಮಾಳಿಗೆಯವರೆಗೆ ಎಳೆದರೆ ಗಿಗಾಬಿಟ್ ಹತ್ತುವುದಿಲ್ಲ, ವಿಡಿಯೊ ಕಾಲ್ ನಡುನಡುವೆ ಕಟ್ ಆಗುತ್ತದೆ.

ಆ ಮಾತಿನಲ್ಲಿ ಸತ್ಯ ಎಷ್ಟು? ಜೋಡಿಗಳು ತಮ್ಮ ಜಾಗದಲ್ಲಿದ್ದರೆ (1–2, 3–6, 4–5, 7–8) ಯಾವ ಬಣ್ಣದ ಜೋಡಿ ಎಲ್ಲಿ ಎನ್ನುವುದು ಅಷ್ಟು ಮುಖ್ಯವಲ್ಲ. 568ಎ ಎಂಬ ಇನ್ನೊಂದು ಸಾಲಿನಲ್ಲಿ ಕಿತ್ತಳೆ ಮತ್ತು ಹಸಿರು ಅದಲುಬದಲು, ಅದೂ ಸರಿಯೇ.

ಕೈಯಾರೆ ಕಟ್ಟುವುದಾದರೆ

ಕ್ರಿಂಪಿಂಗ್ ಟೂಲ್, ಟೆಸ್ಟರ್, ಒಂದಿಷ್ಟು ಪ್ಲಗ್ (ಅಂಗಡಿಯಲ್ಲಿ ಆರ್‌ಜೆ 45 ಅಂದರೆ ಸಾಕು) ಇದ್ದರೆ ಯಾರು ಬೇಕಾದರೂ ಕಟ್ಟಬಹುದು. ಹೊರಗಿನ ಸಿಪ್ಪೆಯನ್ನು ಎರಡು ಮೂರು ಸೆಂಟಿಮೀಟರ್ ಬಿಡಿಸಿ, ಒಳಗಿನ ತಂತಿಗೆ ಬ್ಲೇಡ್ ತಾಗಬಾರದು. ಒಳಗಿನ ತಂತಿಗಳ ಬಣ್ಣದ ಸಿಪ್ಪೆ ತೆಗೆಯುವ ಅಗತ್ಯವೇ ಇಲ್ಲ. ಟೂಲ್ ಒತ್ತಿದಾಗ ಪಿನ್‌ಗಳು ಅದನ್ನು ಸೀಳಿಕೊಂಡು ತಾಮ್ರಕ್ಕೆ ಮುಟ್ಟುತ್ತವೆ. ಅಗ್ಗದ ಕೇಬಲ್‌ನಲ್ಲಿ ಬಿಳಿ ತಂತಿಗಳ ಮೇಲಿನ ಬಣ್ಣದ ಗೆರೆ ಕಾಣುವುದೇ ಇಲ್ಲ. ಅಂಥಲ್ಲಿ ಹೆಣಿಗೆ ಬಿಚ್ಚುವ ಮೊದಲೇ ಯಾವ ಬಿಳಿ ಯಾರ ಜೋಡಿ ಎಂದು ನೋಡಿಟ್ಟುಕೊಳ್ಳಿ.

ತಂತಿ ನೆಟ್ಟಗೆ ಮಾಡಿ, ಸಾಲಾಗಿಟ್ಟು, ತುದಿ ಸಮನಾಗಿ ಕತ್ತರಿಸಿ. ಪ್ಲಗ್ ಒಳಗೆ ಹೆಣಿಗೆ ಬಿಚ್ಚಿದ ಭಾಗ 13 ಮಿಲಿಮೀಟರ್ ಮೀರಬಾರದು, ಅಂದರೆ ಅರ್ಧ ಇಂಚು. ಎರಡಿಂಚು ಬಿಚ್ಚಿ ಹೊರಗೆ ಬಣ್ಣದ ತಂತಿ ನೇತಾಡುತ್ತಿದ್ದರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಹೊರ ಸಿಪ್ಪೆಯೂ ಪ್ಲಗ್ ಒಳಗೆ ಹೋಗಿ ಅಲ್ಲಿನ ಹಲ್ಲಿಗೆ ಸಿಕ್ಕಿಕೊಳ್ಳಬೇಕು, ಇಲ್ಲವಾದರೆ ನಾಲ್ಕು ಸಲ ಎಳೆದಾಡಿದಾಗ ತಂತಿ ಕಿತ್ತು ಬರುತ್ತದೆ.

ಈಗ ಪರೀಕ್ಷೆ. ಮೊದಲನೆಯದಕ್ಕೆ ಮೊಬೈಲ್ ಕ್ಯಾಮೆರಾ ಸಾಕು. ಹೆಚ್ಚಿನ ಪ್ಲಗ್‌ಗಳು ಪಾರದರ್ಶಕ. ಎರಡೂ ತುದಿಯ ಫೋಟೊ ತೆಗೆದು ದೊಡ್ಡದು ಮಾಡಿ ಮೇಲಿನ ಬಣ್ಣದ ಸಾಲಿಗೆ ಹೋಲಿಸಿ. ಟೆಸ್ಟರ್ ಹಿಡಿಯಲಾಗದ ಜೋಡಿ ತಪ್ಪು ಇಲ್ಲಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಟೆಸ್ಟರ್ ಹಚ್ಚಿ, ಲೈಟು ಓಡುತ್ತಿರುವಾಗಲೇ ಪ್ಲಗ್ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ. ಮಿನುಗಿದರೆ ಪ್ಲಗ್ ಕತ್ತರಿಸಿ ಬೇರೆ ಹಾಕಿ. ಲ್ಯಾಪ್‌ಟಾಪ್ ಇದ್ದರೆ ಕೇಬಲ್ ಚುಚ್ಚಿ, ವಿಂಡೋಸ್ ಸೆಟ್ಟಿಂಗ್ಸ್‌ನ ಈಥರ್ನೆಟ್ ವಿಭಾಗದಲ್ಲಿ ಲಿಂಕ್ ಸ್ಪೀಡ್ ನೋಡಿ. ಎರಡೂ ಕಡೆಯ ಪೋರ್ಟ್ ಗಿಗಾಬಿಟ್ ಆಗಿದ್ದೂ ಅಲ್ಲಿ 100 ಕಂಡರೆ ಕೇಬಲ್ ಕೈಕೊಟ್ಟಿದೆ.

ತಾಮ್ರ ಎಂದು ಕೊಟ್ಟದ್ದು ತಾಮ್ರವೇ?

ಸಿಕಂದರಾಬಾದ್‌ನ ಸಿಟಿಸಿಗೆ ಹೋಗಿ ತಂದಿರಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿರಿ, ಕೇಳಲೇಬೇಕಾದ ಪ್ರಶ್ನೆ ಇದು. ಸಿಸಿಎ ಎಂದು ಬರೆದಿದ್ದರೆ ಒಳಗಿರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಕ್ಯಾಟ್ 5ಇ, ಕ್ಯಾಟ್ 6 ಮಾನದಂಡಗಳು ಇದನ್ನು ಒಪ್ಪುವುದಿಲ್ಲ, ಆದರೂ ಆ ಹೆಸರಲ್ಲೇ ಮಾರಾಟವಾಗುತ್ತದೆ. ತಂತಿಯ ತುದಿಯನ್ನು ಬ್ಲೇಡ್‌ನಿಂದ ಹೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಮಲ್ಟಿಮೀಟರ್ ಇದ್ದವರು ಒಂದು ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿ ಸೇರಿಸಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 30 ಮೀಟರ್ ಉದ್ದದ ಒಳ್ಳೆಯ ಕ್ಯಾಟ್ 5ಇ ತಾಮ್ರಕ್ಕೆ ಸುಮಾರು 5 ಓಮ್ ಬರುತ್ತದೆ. 8 ದಾಟಿದರೆ ಅಲ್ಯೂಮಿನಿಯಂ ಇರಬೇಕು ಇಲ್ಲವೇ ತಂತಿ ತೀರಾ ತೆಳು.

ಬರೀ ನೆಟ್‌ಗಾದರೆ ಇದರಿಂದ ವೇಗ ಹೋಗುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ, ಅಷ್ಟೇ. ಸಿಸಿಟಿವಿ ಕ್ಯಾಮೆರಾಕ್ಕೆ ಇದೇ ಕೇಬಲ್‌ನಲ್ಲಿ ಕರೆಂಟನ್ನೂ ಕಳಿಸುವಾಗ ಮಾತು ಬೇರೆ. ಪಿಒಇ ಎಂಬ ಈ ವ್ಯವಸ್ಥೆಯಲ್ಲಿ ಕಳಿಸುವ ಕಡೆಯಿಂದ 15.4 ವ್ಯಾಟ್, ಮುಂದಿನ ತಲೆಮಾರಿನದರಲ್ಲಿ 30 ವ್ಯಾಟ್‌ವರೆಗೆ ಹೋಗುತ್ತದೆ. ಅಲ್ಯೂಮಿನಿಯಂ ತಂತಿಯ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ಆ ಶಕ್ತಿ ದಾರಿಯಲ್ಲೇ ಬಿಸಿಯಾಗಿ ಕಳೆಯುತ್ತದೆ. ಹಗಲು ಚೆನ್ನಾಗಿರುವ ಕ್ಯಾಮೆರಾ ಕತ್ತಲಾದ ಮೇಲೆ ಪದೇ ಪದೇ ಆಫ್ ಆಗಿ ಆನ್ ಆಗುತ್ತದೆಯೇ? ರಾತ್ರಿ ನೋಟದ ಇನ್‌ಫ್ರಾರೆಡ್ ದೀಪ ಹತ್ತಿದೊಡನೆ ಅದಕ್ಕೆ ಹೆಚ್ಚು ಕರೆಂಟ್ ಬೇಕು, ಕೇಬಲ್ ಕೊಡಲಾರದು. ಕ್ಯಾಮೆರಾ ಬದಲಿಸುವ ಮುನ್ನ ತಂತಿ ಹೆರೆದು ನೋಡಿ. ಇಂಥ ಹತ್ತಾರು ಕೇಬಲ್‌ಗಳನ್ನು ಒಂದೇ ಕಟ್ಟಾಗಿ ಪೈಪ್‌ನಲ್ಲಿ ತುರುಕಿದರೆ ಬಿಸಿ ಹೊರಹೋಗಲು ದಾರಿಯಿಲ್ಲ, ಬೆಂಕಿಯ ಭಯವೂ ಇದೆ.

ಇನ್ನು ಕ್ಯಾಟ್ 8 ಹಾಕಿದರೆ ನೆಟ್ ಡಬಲ್ ಆಗುತ್ತದೆ ಎನ್ನುವ ಮಾತು. ಅದು ಡೇಟಾ ಸೆಂಟರ್‌ಗಳಿಗಾಗಿ ಮಾಡಿದ್ದು, ಪೂರ್ಣ ವೇಗ 30 ಮೀಟರ್‌ವರೆಗೆ ಮಾತ್ರ. ಸರಿಯಾಗಿ ಕಟ್ಟಿದ ಸಾದಾ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಒಂದು ಗಿಗಾಬಿಟ್ ಒಯ್ಯುತ್ತದೆ. 200ರ ಪ್ಲಾನ್‌ಗೆ ಅದೇ ಧಾರಾಳ. ಉದ್ದದ ವೈರ್‌ನಿಂದ ವೇಗ ಕಡಿಮೆಯಾಗುತ್ತದೆ ಎನ್ನುವುದಕ್ಕೂ ಆ 100 ಮೀಟರ್ ಒಳಗೆ ಅರ್ಥವಿಲ್ಲ.

ಒಂದೇ ಒಂದು ಕಡೆ ಮಾತ್ರ ನೀವೇ ಕಟ್ಟಿದ ತಾಮ್ರದ ಕೇಬಲ್ ಬೇಡ: ಬಯಲು ದಾಟಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಮನೆಯಿಂದ ಅಂಗಡಿಗೋ ಗೋದಾಮಿಗೋ ಎಳೆಯುವಲ್ಲಿ. ಮನೆಯೊಳಗಿನ ಕೇಬಲ್‌ನ ಸಿಪ್ಪೆ ಬಿಸಿಲಿಗೆ ಒಡೆಯುತ್ತದೆ. ಮಳೆಗಾಲದಲ್ಲಿ ಹತ್ತಿರ ಸಿಡಿಲು ಬಿದ್ದರೆ ಅದರ ಹೊಡೆತ ತಾಮ್ರದಗುಂಟ ಬಂದು ಎರಡೂ ಕಡೆಯ ರೂಟರ್ ಸುಡುತ್ತದೆ. ಅಲ್ಲಿ ಲೋಹದ ತಂತಿಯಿಲ್ಲದ ಫೈಬರ್ ಹಾಕಿಸಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.