ಬೇಕೆನ್ನುವವರಿದ್ದರೂ ಸಿಗದ ಕಾರು

ಒಂದು ಕಾರಿನ ಆಕಾರವನ್ನು ತೀರ್ಮಾನಿಸುವವರು ಯಾರು? ಎಂಜಿನಿಯರು ಎಂದು ನೀವು ಥಟ್ಟನೆ ಹೇಳಬಹುದು. ವಾಣಿಜ್ಯಶಾಸ್ತ್ರ ಓದುವವರಾದರೆ ಗಿರಾಕಿ ಎನ್ನಬಹುದು. ಅಮೆರಿಕದ ಸಣ್ಣ ಸ್ಟೇಷನ್ ವ್ಯಾಗನ್‌ನ ಕಥೆ ಕೇಳಿದ ಮೇಲೆ ಈ ಎರಡೂ ಉತ್ತರಗಳು ಅರ್ಧ ಸತ್ಯವೆನ್ನಿಸುತ್ತವೆ.

ಮೊದಲು ಗಾಡಿಯ ಪರಿಚಯ ಮಾಡಿಕೊಳ್ಳೋಣ. ನಮ್ಮಲ್ಲಿ ಬ್ರಿಟಿಷರ ರೂಢಿಯಂತೆ ಇದಕ್ಕೆ ಎಸ್ಟೇಟ್ ಕಾರು ಎನ್ನುತ್ತಾರೆ. ಮಾಮೂಲಿ ಕಾರಿನಲ್ಲಿ ಚಾವಣಿ ಹಿಂದಿನ ಸೀಟಿನ ಬಳಿಯೇ ಇಳಿದು ಡಿಕ್ಕಿ ಶುರುವಾಗುತ್ತದೆ. ವ್ಯಾಗನ್‌ನಲ್ಲಿ ಚಾವಣಿ ಗಾಡಿಯ ಕೊನೆಯವರೆಗೂ ಚಾಚಿಕೊಂಡಿರುತ್ತದೆ, ಅಲ್ಲೊಂದು ಅಗಲವಾದ ಬಾಗಿಲು. ಹಿಂದಿನ ಸೀಟನ್ನು ಮಡಚಿದರೆ ಸೈಕಲ್ಲನ್ನೇ ಮಲಗಿಸಬಹುದು. ಅಮೆರಿಕದಲ್ಲಿ ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಸಾಗಿಸುತ್ತಿದ್ದ ಮರದ ಮೈಯ ಗಾಡಿಗಳಿಂದ ಸ್ಟೇಷನ್ ವ್ಯಾಗನ್ ಎಂಬ ಹೆಸರು ಬಂತು. ಎರಡನೆಯ ಮಹಾಯುದ್ಧದ ನಂತರ ಮರ ಹೋಗಿ ಉಕ್ಕು ಬಂದಾಗ ಅದು ನಗರದ ಹೊರವಲಯದ ಸಂಸಾರಗಳ ಮೆಚ್ಚಿನ ವಾಹನವಾಯಿತು. ಮರದ ಮೇಲಿನ ಮೋಹ ಮಾತ್ರ ಹೋಗಲಿಲ್ಲ. ಉಕ್ಕಿನ ಮೈಗೆ ಮರದ ಚಿತ್ರದ ಹಾಳೆ ಅಂಟಿಸಿ ದಶಕಗಳ ಕಾಲ ಮಾರಿದರು!

ದೊಡ್ಡ ವ್ಯಾಗನ್‌ಗಳ ಜೊತೆ ಸಣ್ಣವೂ ಇದ್ದವು. 1970ರ ದಶಕದಲ್ಲಿ ಫೋರ್ಡ್ ಪಿಂಟೊ, ಆಮೇಲೆ ಹೋಂಡಾ ಸಿವಿಕ್, ಟೊಯೊಟಾ ಕೊರೊಲಾ, ಫೋರ್ಡ್ ಎಸ್ಕಾರ್ಟ್, ಇವೆಲ್ಲಕ್ಕೂ ವ್ಯಾಗನ್ ರೂಪವಿತ್ತು. ಇವುಗಳನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಅವರ ಮೆಚ್ಚುಗೆಗೆ ಭೌತಶಾಸ್ತ್ರದ ಬೆಂಬಲವೂ ಇದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಮಗುಚುವ ಭಯ ಕಡಿಮೆ. ಅಂತರ 150 ಸೆಂಟಿಮೀಟರ್, ಗುರುತ್ವ ಕೇಂದ್ರ 52 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಉತ್ತರ 1.44. ಅದೇ ಗಾಡಿಯನ್ನು ಎತ್ತರಿಸಿ ಗುರುತ್ವ ಕೇಂದ್ರವನ್ನು 68ಕ್ಕೆ ಒಯ್ದರೆ 1.10ಕ್ಕೆ ಇಳಿಯುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿಗಳಿಂದ ಗಾಡಿಗಳ ಮಗುಚುವಿಕೆಗೆ ಅಂಕ ಕೊಡಲು ಆರಂಭಿಸಿದ್ದು ಇದೇ ಲೆಕ್ಕದಿಂದ. ಗಾಳಿಯ ಪ್ರತಿರೋಧವೂ ಅಷ್ಟೆ. ಎದುರಿನಿಂದ ಕಾಣುವ ವಿಸ್ತೀರ್ಣ ಕಡಿಮೆಯಾದರೆ ಪ್ರತಿರೋಧ ಕಡಿಮೆ, ಪೆಟ್ರೋಲೂ ಉಳಿತಾಯ. ಒಟ್ಟಿನಲ್ಲಿ ತಗ್ಗಾದ, ಉದ್ದನೆಯ ವ್ಯಾಗನ್ ಜೀಪಿನಷ್ಟು ಸಾಮಾನು ಹೊತ್ತು ಕಾರಿನಂತೆ ಓಡುತ್ತದೆ.

ಹಾಗಾದರೆ ಅದು ಮಾಯವಾದದ್ದೇಕೆ?

1973ರಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಅದರ ಫಲವಾಗಿ 1975ರಲ್ಲಿ ಬಂದ ಕಾನೂನು, ಪ್ರತಿ ಕಂಪನಿಯ ಕಾರುಗಳೆಲ್ಲವೂ ಸೇರಿ ಸರಾಸರಿ ಇಷ್ಟು ಮೈಲಿ ಕೊಡಲೇಬೇಕೆಂದು ವಿಧಿಸಿತು. 1985ರ ಹೊತ್ತಿಗೆ ಆ ಗುರಿ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರ್. ಆದರೆ ರೈತರು, ಬಡಗಿಗಳು ಬಳಸುವ ಲಘು ಟ್ರಕ್ಕುಗಳಿಗೆ ರಿಯಾಯಿತಿ ಬೇಡವೇ? ಕೊಟ್ಟರು. 1996ರಿಂದ 2004ರ ಮಾದರಿಗಳವರೆಗೆ ಅವುಗಳ ಗುರಿ 20.7 ಮೈಲಿಯಲ್ಲೇ ನಿಂತಿತ್ತು.

ಇಡೀ ಕಥೆಯ ಗಂಟು ಇರುವುದು ಇಲ್ಲಿ. ಸ್ಟೇಷನ್ ವ್ಯಾಗನ್ ಕಾನೂನಿನ ಕಣ್ಣಿಗೆ ಕಾರು. 1983ರ ಕೊನೆಗೆ ಕ್ರೈಸ್ಲರ್ ಕಂಪನಿ ತಂದ ಮಿನಿವ್ಯಾನ್ ಟ್ರಕ್ಕು, ಏಕೆಂದರೆ ಸೀಟು ತೆಗೆದರೆ ನೆಲ ಸಮತಟ್ಟಾಗುತ್ತಿತ್ತು. 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಕೂಡ ಟ್ರಕ್ಕೇ. ದೊಡ್ಡ ವ್ಯಾಗನ್ ಮಾರಿದರೆ ಕಂಪನಿಯ ಕಾರುಗಳ ಸರಾಸರಿ ಕುಸಿಯುತ್ತಿತ್ತು. ಅದೇ ಸಂಸಾರಕ್ಕೆ ಮಿನಿವ್ಯಾನ್ ಮಾರಿದರೆ ಆ ಚಿಂತೆಯಿಲ್ಲ. 1996ರಲ್ಲಿ ಷೆವ್ರೊಲೆ ಕಪ್ರೀಸ್ ಮತ್ತು ಬ್ಯೂಕ್ ರೋಡ್‌ಮಾಸ್ಟರ್ ನಿಲ್ಲುವುದರೊಂದಿಗೆ ಅಮೆರಿಕದ ದೈತ್ಯ ವ್ಯಾಗನ್‌ಗಳ ಕಾಲ ಮುಗಿಯಿತು.

ಕಾರನ್ನು ಟ್ರಕ್ಕಾಗಿಸುವ ವಿದ್ಯೆಯೂ ಹುಟ್ಟಿತು. ನಾಲ್ಕು ಚಕ್ರಕ್ಕೂ ಎಂಜಿನ್ ಬಲವಿದ್ದು, ನೆಲದಿಂದ 20 ಸೆಂಟಿಮೀಟರ್ ಎತ್ತರ, ಮೂತಿಯ ಕೋನ 28 ಡಿಗ್ರಿ ಮುಂತಾದ ಐದು ಲಕ್ಷಣಗಳಲ್ಲಿ ನಾಲ್ಕಿದ್ದರೆ ಸಾಕು, ಅದು ಟ್ರಕ್ಕು. ಸುಬಾರು ಕಂಪನಿ ತನ್ನ ಔಟ್‌ಬ್ಯಾಕ್ ವ್ಯಾಗನ್‌ನ 2005ರ ಮಾದರಿಯನ್ನು ತುಸು ಎತ್ತರಿಸಿ ಟ್ರಕ್ಕುಗಳ ಪಟ್ಟಿಗೆ ಸೇರಿಸಿತು. ಅಳತೆಪಟ್ಟಿ ಹಿಡಿದು ಕಾನೂನು ಓದುವುದೆಂದರೆ ಇದೇ ಇರಬೇಕು!

ನೀವೀಗ ಒಂದು ಪ್ರಶ್ನೆ ಕೇಳಬಹುದು. ಸಣ್ಣ ವ್ಯಾಗನ್ ಪೆಟ್ರೋಲನ್ನು ಹೆಚ್ಚು ಕುಡಿಯುವುದಿಲ್ಲವಲ್ಲ, ಅದಕ್ಕೇಕೆ ಶಿಕ್ಷೆ? ಪ್ರಶ್ನೆ ಸರಿಯಾಗಿದೆ. ಸಣ್ಣದನ್ನು ಕಾನೂನು ನೇರವಾಗಿ ಕೊಲ್ಲಲಿಲ್ಲ. ಅದಕ್ಕೆ ಪೆಟ್ಟು ಕೊಟ್ಟದ್ದು ಲಾಭದ ಲೆಕ್ಕ. ಒಂದೇ ಅಡಿಪಾಯದ ಮೇಲೆ ಕಟ್ಟಿದ ಎತ್ತರದ ಗಾಡಿಗೆ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ. ಪೆಟ್ರೋಲೂ ಅಲ್ಲಿ ಅಗ್ಗ. 1993ರಲ್ಲಿ ನಿಗದಿಯಾದ ಗ್ಯಾಲನ್ನಿಗೆ 18.4 ಸೆಂಟ್ ಕೇಂದ್ರ ತೆರಿಗೆ ಮೂವತ್ತು ವರ್ಷ ಕಳೆದರೂ ಏರಲಿಲ್ಲ. ಜೊತೆಗೆ, ಅಮ್ಮ ಓಡಿಸುತ್ತಿದ್ದ ಗಾಡಿ ಎಂಬ ಹಣೆಪಟ್ಟಿ ಬೇರೆ. ಅಮೆರಿಕದಲ್ಲಿ ಹೆಚ್ಚಿನವರು ಡೀಲರ ಅಂಗಳದಲ್ಲಿ ನಿಂತ ಕಾರನ್ನೇ ಆರಿಸಿ ಒಯ್ಯುತ್ತಾರೆ. ಕೇಳುವವರು ಕಡಿಮೆಯೆಂದು ಡೀಲರ್ ವ್ಯಾಗನ್ ತರಿಸುವುದಿಲ್ಲ. ಅಂಗಳದಲ್ಲಿ ಕಾಣದ್ದರಿಂದ ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವಿಷವರ್ತುಲವೇ ಕಾನೂನಿಗಿಂತ ಬಲವಾದ ಕಾರಣ. ಪೆಟ್ರೋಲ್ ತೆರಿಗೆ ಹೆಚ್ಚಿರುವ ಯುರೋಪಿನಲ್ಲಿ ಗಾಲ್ಫ್, ಆಕ್ಟೇವಿಯಾ ವ್ಯಾಗನ್‌ಗಳು ಬೀದಿಬೀದಿಯಲ್ಲಿ ಕಾಣುವುದನ್ನು ಇದರ ಜೊತೆಗಿಟ್ಟು ನೋಡಿ.

ಇದರ ಬೆಲೆ ತೆತ್ತವರಲ್ಲಿ ಕಾರಿಲ್ಲದವರೂ ಇದ್ದಾರೆ. ಅಮೆರಿಕದಲ್ಲಿ 2009ರಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಕಾರಣಗಳು ಹಲವು. ಆದರೆ ಅಲ್ಲಿನ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬಾನೆಟ್ಟಿನ ಎತ್ತರದತ್ತ ಬೆರಳು ತೋರಿತು. 40 ಇಂಚಿಗಿಂತ ಎತ್ತರದ ಬಾನೆಟ್ಟು ಬಡಿದರೆ, 30 ಇಂಚು ಅಥವಾ ಅದಕ್ಕಿಂತ ತಗ್ಗಾಗಿ ಇಳಿಜಾರಾದ ಮೂತಿಗಿಂತ ಸಾವಿನ ಸಂಭವ ಸುಮಾರು ಶೇಕಡ 45ರಷ್ಟು ಹೆಚ್ಚು. ತಗ್ಗಿನ ಮೂತಿ ಕಾಲಿಗೆ ಬಡಿಯುತ್ತದೆ, ಎತ್ತರದ್ದು ಎದೆಗೆ. ಇನ್ನು ಆ ಸರಾಸರಿ ಮೈಲಿಯ ಕಾನೂನಿನ ಗತಿ? ಅದನ್ನು ಮುರಿದ ಕಂಪನಿಗಳ ದಂಡವನ್ನು 2025ರಲ್ಲಿ ಅಮೆರಿಕದ ಸಂಸತ್ತು ಸೊನ್ನೆಗಿಳಿಸಿತು.

ಅಗ್ಗದ ಸಣ್ಣ ವ್ಯಾಗನ್‌ಗಳಲ್ಲಿ ಕೊನೆಯವರೆಗೂ ಉಳಿದಿದ್ದ ಫೋಕ್ಸ್‌ವ್ಯಾಗನ್ ಗಾಲ್ಫ್ ನೆರೆಯ ಮೆಕ್ಸಿಕೊದ ಪ್ಯೂಬ್ಲಾದಲ್ಲಿ ತಯಾರಾಗುತ್ತಿತ್ತು. ಅಮೆರಿಕದಲ್ಲಿ 2019ರ ಮಾದರಿಯೇ ಅದರ ಕೊನೆ. ಯುರೋಪಿನಿಂದ ತಾವೇ ತರಿಸಿಕೊಳ್ಳಬಹುದಲ್ಲವೇ ಎಂದರೆ ಅದಕ್ಕೂ ಒಂದು ನಿಯಮ ಅಡ್ಡ ಬರುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ಕಟ್ಟದ ಗಾಡಿಗೆ ವಿನಾಯಿತಿ ಸಿಗುವುದು ಅದಕ್ಕೆ 25 ವರ್ಷ ತುಂಬಿದ ಮೇಲೆ. 2020ರಲ್ಲಿ ಜರ್ಮನಿಯಲ್ಲಿ ತಯಾರಾದ ವ್ಯಾಗನ್ ಮೇಲೆ ಕಣ್ಣಿಟ್ಟ ಅಮೆರಿಕನ್ನನು 2045ರವರೆಗೆ ಕಾಯಬೇಕು.