ಚೆದುರಿದ ದನಿಗಳ ಸಂಪಾದನೆ

ಕೂಡಿ ಹಾಡಿದವರು ಅಗಲಿದರೆ ಹಾಡು ನಿಂತುಹೋಗುವುದಿಲ್ಲ; ಒಬ್ಬೊಬ್ಬರೂ ತಮ್ಮ ತಮ್ಮ ಹಾದಿ ಹಿಡಿದು ಹಾಡುತ್ತಲೇ ಇರುತ್ತಾರೆ. ಆದರೆ ಕೇಳುವವನ ಮನಸ್ಸಿಗೆ ಅಷ್ಟರಿಂದ ಸಮಾಧಾನವಿಲ್ಲ. ಇವರು ಅಗಲದೆ ಇದ್ದಿದ್ದರೆ ಮುಂದಿನ ಆಲ್ಬಂ ಹೇಗಿರುತ್ತಿತ್ತು ಎಂದು ಅದು ಹಂಬಲಿಸುತ್ತದೆ. ಈ ಹಂಬಲದಿಂದ ಹುಟ್ಟಿದ ಹವ್ಯಾಸವೊಂದುಂಟು: ತಂಡ ಒಡೆದ ಮೇಲೆ ಅದರ ಸದಸ್ಯರು ಬೇರೆಬೇರೆಯಾಗಿ ಮುದ್ರಿಸಿದ ಹಾಡುಗಳನ್ನು ಆಯ್ದು ಜೋಡಿಸಿ, ತಂಡವೇ ಹೊರತಂದಿತೋ ಎಂಬಂತೆ ಒಂದು ಆಲ್ಬಂ ಕಟ್ಟುವುದು.

ಇದಕ್ಕೆ ಹೆಸರಾದ ನಿದರ್ಶನ ಇಂಗ್ಲೆಂಡಿನ ಬೀಟಲ್ಸ್ ತಂಡದ್ದು. ಅದು ಒಡೆದ 1970ರಲ್ಲಿಯೇ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ನಾಲ್ವರೂ ತಮ್ಮ ತಮ್ಮ ಸ್ವಂತ ಆಲ್ಬಂಗಳನ್ನು ಪ್ರಕಟಿಸಿದರು. ಜೋಡಿಸಹೊರಟ ರಸಿಕನು ತನಗೆ ತಾನೇ ಕಟ್ಟುಪಾಡು ಹಾಕಿಕೊಳ್ಳುತ್ತಾನೆ: ಒಂದು ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲು, ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷದ ಆಸುಪಾಸು, ನಾಲ್ವರಿಗೂ ಪಾಲು, ಹಾಡುಗಳೆಲ್ಲ ಒಂದೆರಡು ವರ್ಷದೊಳಗಿನವು. ಹ್ಯಾರಿಸನ್ನನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಹಾಡಿಗೆ ಅದರಲ್ಲಿ ಸಹಜವಾದ ಹಕ್ಕುಂಟು. ಏಕೆಂದರೆ 1969ರ ಜನವರಿಯಲ್ಲಿ ತಂಡವೇ ಕೂಡಿ ಅದನ್ನು ಅಭ್ಯಾಸ ಮಾಡಿದ್ದಿತು.

ಆಯ್ಕೆಗಿಂತಲೂ ಕಠಿನವಾದುದು ಅನುಕ್ರಮ. 1971ರ ಒಂದು ಹಾಡಿನಲ್ಲಿ ಮೆಕಾರ್ಟ್ನಿ ಹಳೆಯ ಗೆಳೆಯನನ್ನು ಚುಚ್ಚಿದನು. ಅದೇ ವರ್ಷ ಲೆನನ್ ‘ಹೌ ಡು ಯೂ ಸ್ಲೀಪ್?’ ಎಂಬ ಹಾಡಿನಲ್ಲಿ ಇನ್ನೂ ಕಟುವಾಗಿ ತಿರುಗಿ ನುಡಿದನು. ವರ್ಷದ ಕೊನೆಗೆ ಮೆಕಾರ್ಟ್ನಿಯ ‘ಡಿಯರ್ ಫ್ರೆಂಡ್’ ಎಂಬ ಮೆಲುದನಿಯ ಹಾಡು ಬಂದಿತು. ಈ ಮೂರನ್ನು ಜೋಡಿಸುವವನು ಯಾವುದನ್ನು ಕೊನೆಗಿಡಬೇಕು? ಕಟುನುಡಿಯನ್ನಿಟ್ಟರೆ ಕಥೆ ಹಗೆಯಲ್ಲಿ ಮುಗಿಯುತ್ತದೆ; ಮೆಲುನುಡಿಯನ್ನಿಟ್ಟರೆ ಸಂಧಾನದಲ್ಲಿ. ಹಾಡುಗಳು ಅವೇ, ಅರ್ಥ ಮಾತ್ರ ಜೋಡಿಸಿದವನದು.

ಇದು ಹೊರನಾಡಿನವರ ಹೊಸ ಮೋಜು ಎಂದು ವಾಚಕರು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ಈ ಕೆಲಸ ಐದು ಶತಮಾನಗಳಿಗೂ ಹಿಂದೆಯೇ ನಡೆದಿದೆ. ಹನ್ನೆರಡನೆಯ ಶತಮಾನದ ಶರಣರು ಒಬ್ಬೊಬ್ಬರಾಗಿ ನುಡಿದ ವಚನಗಳು ಬಿಡಿಬಿಡಿಯಾಗಿಯೇ ಉಳಿದಿದ್ದವು. ಕಲ್ಯಾಣದ ಆ ಕೂಟ ಚೆದುರಿ ಬಹುಕಾಲವಾದ ಮೇಲೆ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಆ ವಚನಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವಿಗಿರಿಸಿ, ಒಂದಕ್ಕೊಂದು ಉತ್ತರವಾಗುವಂತೆ ಹೊಂದಿಸಿ, ನಡುನಡುವೆ ಗದ್ಯದ ಕೊಂಡಿಯಿಟ್ಟು ‘ಶೂನ್ಯಸಂಪಾದನೆ’ಯನ್ನು ರಚಿಸಿದನು. ಬೇರೆ ಬೇರೆ ಹೊತ್ತಿನಲ್ಲಿ ಹೊರಟ ಮಾತುಗಳು ಒಂದೇ ಸಭೆಯ ಸಂವಾದವಾದವು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಇದನ್ನೇ ಮತ್ತೆ ಮತ್ತೆ ಸಂಪಾದಿಸಿದರು. ಮೊದಲ ಸಂಪಾದನೆಯಲ್ಲಿಲ್ಲದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗವು ತರುವಾಯದ ಸಂಪಾದನೆಯಲ್ಲಿ ಸೇರಿತು. ಆ ಒಂದು ಸೇರ್ಪಡೆಯ ಸುತ್ತ ವಿದ್ವಾಂಸರ ಚರ್ಚೆ ಬಹುಕಾಲ ನಡೆಯಿತು. ಜೋಡಿಸುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಈ ಅಧಿಕಾರಕ್ಕೆ ಅಂಕುಶವೂ ಅಲ್ಲಿಯೇ ಇದ್ದಿತು. ಅದೇ ಅಂಕಿತ. ಎಲ್ಲಿ ತಂದು ಕೂರಿಸಿದರೂ ಕೂಡಲಸಂಗಮದೇವನೆಂದರೆ ಬಸವಣ್ಣನ ದನಿ, ಗುಹೇಶ್ವರನೆಂದರೆ ಅಲ್ಲಮನದು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕನದು. ಸಂಪಾದಕನು ಸಂವಾದವನ್ನು ಕಟ್ಟಿದನೇ ಹೊರತು ಯಾರ ಹೆಸರನ್ನೂ ಅಳಿಸಲಿಲ್ಲ. ಆದುದರಿಂದಲೇ ಇಂದಿಗೂ ಬೇಕೆಂದವರು ಆ ಹಾರವನ್ನು ಬಿಚ್ಚಿ ಒಂದೊಂದು ಹೂವನ್ನೂ ಅದರ ಗಿಡಕ್ಕೆ ಸೇರಿಸಬಲ್ಲರು.

ಹಾಡಿನ ತುಣುಕಿಗಾದರೋ ಅಂತಹ ಅಂಕಿತವಿಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಿಂದ ಬಸ್ಸೇರಿ ದುರ್ಗದ ಕಾಲೇಜುಗಳಿಗೆ ಬರುವ ತರುಣರ ಮೊಬೈಲಿನಲ್ಲಿ ಇಂದು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಇವರ ದನಿಗಳು ಅಕ್ಕಪಕ್ಕದಲ್ಲಿಯೇ ಇವೆ. ಜೋಡಿಸುವುದು ಬೆರಳ ತುದಿಯ ಕೆಲಸ. ಆದರೆ ಕೈಯಿಂದ ಕೈಗೆ ಹೋಗುವಾಗ ಮೊದಲು ಕವಿಯ ಹೆಸರು ಉದುರುತ್ತದೆ, ಆಮೇಲೆ ರಾಗ ಹಾಕಿದವರದು, ಕಡೆಗೆ ಹಾಡಿದವರದು.

ಆದಕಾರಣ ಜೋಡಿಸುವ ರಸಿಕರಲ್ಲಿ ಕೆಲವು ಬಿನ್ನಹಗಳು. ಪ್ರತಿಯೊಂದು ಹಾಡಿನ ಮುಂದೆಯೂ ಕವಿ, ಸಂಯೋಜಕ, ಗಾಯಕರ ಹೆಸರನ್ನೂ, ತಿಳಿದಿದ್ದರೆ ವರ್ಷವನ್ನೂ ಬರೆಯಿರಿ. ಹೊಂದಲಿಲ್ಲವೆಂದು ಹಾಡಿನ ತಲೆಯನ್ನೋ ಬಾಲವನ್ನೋ ಕತ್ತರಿಸಬೇಡಿ. ಕ್ರಮ ನಿಮ್ಮದೆಂದು ಸ್ಪಷ್ಟವಾಗಿ ಹೇಳಿ. ಕಟ್ಟಿದ್ದನ್ನು ಮನೆಯವರೊಡನೆ ಕೂಡಿ ಕೇಳಿ ಸಂತೋಷಪಡಿರಿ, ಮಾರಾಟಕ್ಕಿಡಬೇಡಿ.

ಬಾಬಾಬುಡನ್ ಗಿರಿಯಲ್ಲಿ ಬೇರೆಬೇರೆಯಾಗಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗದ ಸೀಮೆಯನ್ನು ಹಾದು ಬರುವ ಆ ನೀರನ್ನೇ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ಹಿರಿಯೂರಿನ ಹೊಲತೋಟಗಳಿಗಾಗಿ ಹಿಡಿದಿರಿಸಿತು. ಕೂಡಿದ ಮೇಲೆ ಯಾವ ಹನಿ ಯಾವ ಹೊಳೆಯದೆಂದು ಹೇಳಲಾಗದು. ಆದರೂ ಹೆಸರಿಟ್ಟ ನಮ್ಮ ಹಿರಿಯರು ಎರಡರ ಹೆಸರನ್ನೂ ಉಳಿಸಿದರು.